ಗೂಗಲ್ ನಿಂತರೆ ಪ್ರಶ್ನೆಯೂ ನಿಲ್ಲಬೇಕೆ?



ಯಾವುದಾದರೂ ವಿಷಯ ಗೊತ್ತಾಗದಿದ್ದರೆ ಈಗ ನೀವು ಮೊದಲು ಏನು ಮಾಡುತ್ತೀರಿ? ಅಪ್ಪನದೋ ಅಣ್ಣನದೋ ಫೋನ್ ಕೈಗೆ ಸಿಕ್ಕರೆ ಗೂಗಲ್‌ನಲ್ಲಿ ಹುಡುಕುತ್ತೀರಿ. ಅದರಲ್ಲಿ ತಪ್ಪೇನಿಲ್ಲ, ನಾನೂ ಹುಡುಕುತ್ತೇನೆ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಶಾಲೆಗಳಿಗೆ ಹೋದಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. “ಸರ್, ಗೂಗಲ್ ಬರಲಿಲ್ರಿ, ಅದಕ್ಕ ಪ್ರಾಜೆಕ್ಟ್ ಮಾಡಿಲ್ರಿ.” ಈ ಕಾರಣವನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂದು ಹೇಳುತ್ತೇನೆ, ಓದಿ ನೋಡಿ.

ಗೂಗಲ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ತಿಳಿಯೋಣ. ನಾವು ಒಂದು ಪದ ಬರೆದು ಒತ್ತಿದ ಕೂಡಲೇ ಅದು ಪ್ರಪಂಚದ ಎಲ್ಲ ಜಾಲತಾಣಗಳಿಗೂ ಓಡಿಹೋಗಿ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಜಾಲತಾಣಗಳನ್ನು ಓದುವ ಕೆಲಸವನ್ನು ಅದರ ಗಣಕಯಂತ್ರಗಳು ಮೊದಲೇ ಮಾಡಿರುತ್ತವೆ. ಯಾವ ಪದ ಯಾವ ಪುಟದಲ್ಲಿದೆ ಎಂಬ ಭಾರಿ ಸೂಚಿಯನ್ನು ತಯಾರಿಸಿ ಇಟ್ಟಿರುತ್ತವೆ. ನೀವು ಕೇಳಿದಾಗ ಆ ಸೂಚಿಯನ್ನು ನೋಡಿ ಹೇಳುತ್ತವೆ, ಅಷ್ಟೇ. ದಪ್ಪ ಪುಸ್ತಕದ ಕೊನೆಯಲ್ಲಿ ಪದಗಳನ್ನು ಅಕಾರಾದಿಯಾಗಿ ಬರೆದು ಪುಟಸಂಖ್ಯೆ ಕೊಟ್ಟಿರುತ್ತಾರಲ್ಲ, ಹಾಗೆ.

ಒಂದೇ ಪದ ಲಕ್ಷಾಂತರ ಪುಟಗಳಲ್ಲಿದ್ದರೆ ಯಾವುದನ್ನು ಮೇಲೆ ತೋರಿಸಬೇಕು? 1998ರಲ್ಲಿ ಗೂಗಲ್ ಕಂಪನಿ ಆರಂಭಿಸಿದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಇದಕ್ಕೊಂದು ಉಪಾಯ ಕಂಡುಕೊಂಡರು. ಒಂದು ಪುಟದ ಕಡೆಗೆ ಬೇರೆ ಎಷ್ಟು ಪುಟಗಳು ಬೆರಳು ತೋರಿಸುತ್ತಿವೆ, ಹಾಗೆ ತೋರಿಸುವ ಪುಟಗಳು ಎಷ್ಟು ಹೆಸರುವಾಸಿ ಎಂದು ಲೆಕ್ಕ ಹಾಕುವುದೇ ಆ ಉಪಾಯ. ಈಗ ಇನ್ನೂ ಅನೇಕ ಅಂಶಗಳು ಅದರಲ್ಲಿ ಸೇರಿವೆ. ಈ ಬೆರಳು ತೋರಿಸುವ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಷ್ಟು ದೊಡ್ಡ ವ್ಯವಸ್ಥೆ ನಿಂತುಹೋಗುವುದುಂಟೇ? ಉಂಟು. 2009ರ ಜನವರಿ 31, ಶನಿವಾರ, ನಮ್ಮಲ್ಲಿ ರಾತ್ರಿ ಸುಮಾರು 8 ಗಂಟೆ. ಗೂಗಲ್‌ನಲ್ಲಿ ಏನನ್ನು ಹುಡುಕಿದರೂ ಪ್ರತಿಯೊಂದು ಜಾಲತಾಣದ ಕೆಳಗೂ ‘ಇದು ನಿಮ್ಮ ಗಣಕಯಂತ್ರಕ್ಕೆ ಹಾನಿ ಮಾಡಬಹುದು’ ಎಂಬ ಎಚ್ಚರಿಕೆ ಬರತೊಡಗಿತು. ಕಾರಣ ಏನಿರಬಹುದು? ಹಾನಿಕಾರಕ ಜಾಲತಾಣಗಳ ಪಟ್ಟಿಯೊಂದನ್ನು ಆ ಕಂಪನಿ ಇಟ್ಟುಕೊಂಡಿರುತ್ತದೆ. ಆ ದಿನ ಅದರೊಳಗೆ ಕಣ್ತಪ್ಪಿನಿಂದ ‘/’ ಎಂಬ ಒಂದು ಓರೆಗೆರೆ ಸೇರಿಬಿಟ್ಟಿತು. ಯಾವುದೇ ಜಾಲತಾಣದ ಪೂರ್ಣ ವಿಳಾಸ ಬರೆದು ನೋಡಿ, ಆ ಗೆರೆ ಇದ್ದೇ ಇರುತ್ತದೆ. ಹಾಗಾಗಿ ಜಗತ್ತಿನ ಜಾಲತಾಣಗಳೆಲ್ಲ ಆ ಪಟ್ಟಿಗೆ ಬಿದ್ದವು! ಸರಿಪಡಿಸುವ ಹೊತ್ತಿಗೆ ಸುಮಾರು ಒಂದು ಗಂಟೆ ಕಳೆದಿತ್ತು. 2022ರ ಆಗಸ್ಟ್ 9ರ ಬೆಳಗ್ಗೆಯೂ ಗೂಗಲ್ ಹುಡುಕಾಟ ಹಲವು ದೇಶಗಳಲ್ಲಿ ಸ್ವಲ್ಪ ಹೊತ್ತು ನಿಂತಿತ್ತು. ಆಗಿನ ಕಾರಣ ತಂತ್ರಾಂಶ ಬದಲಿಸುವಾಗ ಆದ ತೊಂದರೆ.

ಕೆಲವು ಸಲ ಗೂಗಲ್ ಸರಿಯಾಗಿಯೇ ಇರುತ್ತದೆ, ಅಲ್ಲಿಗೆ ಹೋಗುವ ದಾರಿ ಕಡಿದಿರುತ್ತದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಸಮುದ್ರದ ತಳದಲ್ಲಿದ್ದ ಎರಡು ಕೇಬಲ್‌ಗಳು ತುಂಡಾದವು. ಭಾರತದಲ್ಲಿ ಇಂಟರ್‌ನೆಟ್ ಬಹಳ ನಿಧಾನವಾಯಿತು. ನಮ್ಮ ಕಡೆ ಅಷ್ಟು ದೂರ ಹೋಗಬೇಕಾಗಿಲ್ಲ ಬಿಡಿ. ರಸ್ತೆ ಅಗೆಯುವ ಜೆಸಿಬಿಯ ಹಲ್ಲಿಗೆ ಕೇಬಲ್ ಸಿಕ್ಕರೆ ಸಾಕು, ನಾಲ್ಕಾರು ಊರಿಗೆ ನೆಟ್ ಇರುವುದಿಲ್ಲ.

ಆದ್ದರಿಂದ ಗೂಗಲ್ ಬರಲಿಲ್ಲ ಎಂದು ಕೈಚೆಲ್ಲುವ ಮೊದಲು, ಎಲ್ಲಿ ಕೆಟ್ಟಿದೆ ಎಂದು ಪತ್ತೆ ಹಚ್ಚಿ. ಇದೂ ವಿಜ್ಞಾನವೇ. ಬಲ್ಬ್ ಹತ್ತದಿದ್ದರೆ ಸೆಲ್ಲು, ವೈರು, ಸ್ವಿಚ್ಚು ಎಂದು ಒಂದೊಂದೇ ಪರೀಕ್ಷಿಸುವುದಿಲ್ಲವೇ? ವಿಳಾಸ ಗೊತ್ತಿರುವ ಬೇರೊಂದು ಜಾಲತಾಣವನ್ನು ನೇರವಾಗಿ ತೆರೆದು ನೋಡಿ. ತೆರೆದರೆ ನೆಟ್ ಇದೆ, ಗೂಗಲ್‌ನದೇ ತೊಂದರೆ. ಆಗ ಬಿಂಗ್, ಡಕ್‌ಡಕ್‌ಗೋ ಮುಂತಾದ ಬೇರೆ ಶೋಧಕ ಯಂತ್ರಗಳಿವೆ, ಕನ್ನಡ ವಿಕಿಪೀಡಿಯ ಇದೆ. ಯಾವುದೂ ತೆರೆಯದಿದ್ದರೆ ಪಕ್ಕದವರ ಫೋನಿನಲ್ಲಿ, ಅದೂ ಬೇರೆ ಕಂಪನಿಯ ಸಿಮ್ ಇರುವ ಫೋನಿನಲ್ಲಿ, ಬರುತ್ತದೆಯೇ ಕೇಳಿ. ಅಲ್ಲಿ ಬಂದರೆ ನಿಮ್ಮ ಫೋನಿನದೋ ಟವರಿನದೋ ದೋಷ.

ಎಲ್ಲ ಕಡೆಯೂ ನಿಂತಿದೆ ಎಂದೇ ಇಟ್ಟುಕೊಳ್ಳೋಣ. ಪ್ರಾಜೆಕ್ಟೂ ನಿಲ್ಲಬೇಕೇ? ಇಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಗೂಗಲ್ ನಿಂತ ಕೂಡಲೇ ಪ್ರಾಜೆಕ್ಟ್ ನಿಂತಿತು ಎಂದರೆ, ಅದು ನೋಡಿ ಬರೆಯುವ ಕೆಲಸವಾಗಿತ್ತೇ ಹೊರತು ಪ್ರಾಜೆಕ್ಟ್ ಆಗಿರಲಿಲ್ಲ. ಅಂಥ ಪ್ರಶ್ನೆ ಕೊಟ್ಟರೆ ಗೂಗಲ್ ಇದ್ದ ದಿನ ಇಡೀ ತರಗತಿ ಒಂದೇ ಉತ್ತರ ಬರೆದು ತರುತ್ತದೆ, ಇಲ್ಲದ ದಿನ ಯಾರೂ ತರುವುದಿಲ್ಲ. (ಈ ಮಾತು ನಿಮ್ಮ ಗುರುಗಳಿಗೂ ಸೇರಿದ್ದು. ಈ ಪುಟವನ್ನು ಅವರೂ ಓದುತ್ತಾರೆಂದು ನನಗೆ ಗೊತ್ತು.)

ಉದಾಹರಣೆಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಾಯಿ ಇದು. ನೋಡಲು ಕೆಂಪೋ ಕೆಂಪು, ಆದರೆ ಖಾರ ಕಡಿಮೆ. ಯಾಕೆ? ಉತ್ತರ ಎರಡು ಸಾಲಿನದು. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್ ಎಂಬ ವಸ್ತು, ಖಾರ ಕೊಡುವುದು ಕ್ಯಾಪ್ಸೈಸಿನ್ ಎಂಬ ಬೇರೆಯೇ ವಸ್ತು. ಬ್ಯಾಡಗಿ ಕಾಯಿಯಲ್ಲಿ ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ. ಗೂಗಲ್ ಇದನ್ನು ಕ್ಷಣದಲ್ಲಿ ಹೇಳುತ್ತದೆ, ನೀವು ಬರೆದುಕೊಳ್ಳುತ್ತೀರಿ, ಮುಗಿಯಿತು.

ಈಗ ಹೀಗೆ ಮಾಡಿ ನೋಡಿ. ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಅಷ್ಟೇ ಶೇಂಗಾ ಎಣ್ಣೆ ಹಾಕಿ. ಎರಡಕ್ಕೂ ಒಂದೊಂದು ಚಮಚ ಬ್ಯಾಡಗಿ ಖಾರಪುಡಿ ಹಾಕಿ ಕಲಕಿ, ಮರುದಿನದವರೆಗೆ ಅಲುಗಾಡಿಸದೆ ಇಡಿ. ಪುಡಿ ತಳಕ್ಕೆ ಇಳಿದ ಮೇಲೆ ನೋಡಿದರೆ ಎಣ್ಣೆ ಕೆಂಪಾಗಿರುತ್ತದೆ, ನೀರು ಸ್ವಲ್ಪ ಮಾಸಲಾಗಿರುತ್ತದೆ ಅಷ್ಟೇ. ಆ ಕೆಂಪು ಬಣ್ಣ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಒಗ್ಗರಣೆಯ ಎಣ್ಣೆ ಕೆಂಪೇರುವುದನ್ನು ನಿಮ್ಮ ಅವ್ವ ದಿನಾ ನೋಡುತ್ತಾಳೆ, ಅವಳನ್ನು ಕೇಳಿ. ಬೇರೆ ಜಾತಿಯ ಕಾಯಿಯ ಪುಡಿ ಸಿಕ್ಕರೆ ಅದನ್ನೂ ಇಟ್ಟು ಹೋಲಿಸಿ. (ಪುಡಿ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಿರಿ, ಕಣ್ಣು ಉಜ್ಜಿಕೊಳ್ಳಬೇಡಿ.) ಡಬ್ಬಿ ಕಾಯಿಗೂ ಕಡ್ಡಿ ಕಾಯಿಗೂ ಏನು ವ್ಯತ್ಯಾಸ ಎಂಬುದನ್ನು ಬ್ಯಾಡಗಿ ಮಾರುಕಟ್ಟೆಯಲ್ಲಿ ಕಾಯಿ ಆರಿಸುವವರು ಕೈಯಲ್ಲಿ ಹಿಡಿದೇ ತೋರಿಸುತ್ತಾರೆ. ಫೋನಿನಲ್ಲಿ ಚಿತ್ರ ಕಾಣಬಹುದು, ಕೈಗೆ ಸಿಗುವುದಿಲ್ಲ.

ರಾಣೆಬೆನ್ನೂರಿನವರಿಗೂ ಇಂಥದೇ ಪ್ರಶ್ನೆ ಇದೆ. ಅಲ್ಲಿಯ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ, 1974ರಲ್ಲಿ ಘೋಷಣೆಯಾಯಿತು ಎಂಬುದು ಎಲ್ಲಿ ಬೇಕಾದರೂ ಸಿಗುತ್ತದೆ. ಅಲ್ಲಿ ಒಂದು ಕಾಲಕ್ಕೆ ಎರೆಭೂತ ಎಂಬ ದೊಡ್ಡ ಹಕ್ಕಿಯೂ ಇತ್ತು, ಈಗ ಕಾಣುವುದಿಲ್ಲ. ನಿಮ್ಮ ಊರಿನಲ್ಲಿ ಅದನ್ನು ಕಣ್ಣಾರೆ ಕಂಡ ಹಿರಿಯರು ಇದ್ದಾರೆಯೇ? ಯಾವ ಹೊಲದಲ್ಲಿ ಕಂಡರು, ಆಗ ಅಲ್ಲಿ ಏನು ಬೆಳೆಯುತ್ತಿದ್ದರು? ಈ ಉತ್ತರ ಯಾವ ಜಾಲತಾಣದಲ್ಲೂ ಇಲ್ಲದಿರಬಹುದು. ಗೂಗಲ್ ಚೆನ್ನಾಗಿ ನಡೆಯುತ್ತಿರುವ ದಿನವೂ ಸಿಗದ ಉತ್ತರ ಇದು. ಹಾವೇರಿಯ ಪುರಸಿದ್ಧೇಶ್ವರ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆಯಂತೆ, ನಿಜವೇ? ಸಂಜೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿ. ಸೂರ್ಯ ಎದುರಿಗಿದ್ದಾನೋ ಇಲ್ಲವೋ ತಿಳಿಯುತ್ತದೆ.

ಪುಸ್ತಕಗಳನ್ನೂ ಮರೆಯಬಾರದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳಿವೆ. ಮಕ್ಕಳಿಗೆಂದೇ ನಿರಂಜನ ಅವರ ಸಂಪಾದಕತ್ವದಲ್ಲಿ ಬಂದ ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶದ 7 ಸಂಪುಟಗಳಿವೆ. ಹಳೆಯವಾದ್ದರಿಂದ ಅಂಕಿ ಅಂಶಗಳು ಬದಲಾಗಿರುತ್ತವೆ. ಆದರೆ ಎಲೆ ಆಹಾರ ತಯಾರಿಸುವ ರೀತಿಯೇನೂ ಬದಲಾಗಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಒಮ್ಮೆ ಹೋಗಿ ಬನ್ನಿ.

ಒಂದು ವಿಷಯದಲ್ಲಿ ಮಾತ್ರ ಗೂಗಲ್ ಇದ್ದರೂ ಹುಡುಕುತ್ತ ಕೂರಬೇಡಿ. ಹೊಲದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಹೊಲಕ್ಕೆ ಹೊಡೆಯುವ ಔಷಧಿ ಹೊಟ್ಟೆಗೆ ಹೋದರೆ, ತಕ್ಷಣ ದೊಡ್ಡವರನ್ನು ಕೂಗಿ, 108ಕ್ಕೆ ಕರೆ ಮಾಡಿ. ಗೂಗಲ್ ನಿಂತರೂ ಫೋನಿನ ಕರೆ ಹೋಗುತ್ತದೆ. ಹಾವು ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿಸಿಕೊಂಡವರನ್ನು ನಡೆಸದೆ ಬೇಗ ಆಸ್ಪತ್ರೆಗೆ ಸೇರಿಸಬೇಕು. 108, ತುರ್ತು ಸೇವೆಯ 112, ಮಕ್ಕಳ ಸಹಾಯವಾಣಿ 1098, ಈ ಮೂರು ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೂ ಮನೆಯ ಬಾಗಿಲ ಹಿಂದೆಯೂ ಇವತ್ತೇ ಬರೆದಿಡಿ.

ಇನ್ನು ನನ್ನ ಸಲಹೆ. ಗೂಗಲ್ ಎಂದರೆ ಸೂಚಿ ಎಂದೆನಲ್ಲ, ಅಂಥ ಸೂಚಿಯನ್ನು ನಿಮ್ಮ ಶಾಲೆಯೂ ಮಾಡಿಕೊಳ್ಳಬಹುದು. 200 ಪುಟದ ಒಂದು ನೋಟ್‌ಬುಕ್ ಸಾಕು. ಅಕ್ಷರಕ್ಕೆ ಕೆಲವು ಪುಟ ಬಿಡಿ. ‘ಕಸಿ’ ಎಂದು ಬರೆದು, ನಿಮ್ಮೂರಿನಲ್ಲಿ ಮಾವಿನ ಕಸಿ ಬಲ್ಲವರು ಯಾರು ಎಂದು ಬರೆಯಿರಿ. ‘ಗ್ರಹಣ’ ಎಂದು ಬರೆದು, ಶಾಲೆಯ ಯಾವ ಪುಸ್ತಕದ ಎಷ್ಟನೇ ಪುಟದಲ್ಲಿದೆ ಎಂದು ಬರೆಯಿರಿ. ಒಂದೇ ವಿಷಯಕ್ಕೆ ನಾಲ್ಕು ಹೆಸರು ಬಂದರೆ? ಆ ಬೆರಳು ತೋರಿಸುವ ಲೆಕ್ಕ ಹಾಕಿ. ಊರಿನಲ್ಲಿ ಹೆಚ್ಚು ಜನ, ಅದರಲ್ಲೂ ಆ ಕೆಲಸ ತಿಳಿದವರು, ಯಾರ ಹೆಸರು ಹೇಳುತ್ತಾರೋ ಅದನ್ನು ಮೇಲೆ ಬರೆಯಿರಿ. ಹಿರಿಯರು ಹೇಳಿದ್ದೆಲ್ಲವೂ ಸರಿ ಎಂದೇನೂ ಅಲ್ಲ. ಹಾವು ಹಾಲು ಕುಡಿಯುತ್ತದೆ ಎಂದು ಊರಿಗೆ ಊರೇ ಹೇಳಬಹುದು, ಅದು ನಿಜವಲ್ಲ. ಅದಕ್ಕೇ ಪ್ರತಿ ವಿಷಯಕ್ಕೂ ಒಬ್ಬ ಮನುಷ್ಯರು, ಒಂದು ಪುಸ್ತಕ, ಹೀಗೆ ಎರಡು ಆಧಾರ ಇರಲಿ.

‘ಮ’ ಅಕ್ಷರಕ್ಕೆ ಹತ್ತು ಪುಟವಾದರೂ ಬಿಡಿ. ಮಳೆ, ಮಣ್ಣು, ಮೆಣಸಿನಕಾಯಿ ಎಲ್ಲ ಅಲ್ಲಿಯೇ ಬರುತ್ತವೆ. ‘ಮೆಕ್ಕೆಜೋಳ’ ಎಂಬಲ್ಲಿ ‘ಗೋವಿನಜೋಳ ನೋಡಿ’ ಎಂದು ಬರೆಯಲು ಮರೆಯಬೇಡಿ. ಬೇರೆ ಜಿಲ್ಲೆಯಿಂದ ಬಂದ ಗುರುಗಳು ಆ ಹೆಸರಿನಲ್ಲೇ ಹುಡುಕುತ್ತಾರೆ.