ಹಳೆಯ ದೋಣಿಯಂತ್ರದ ರೆಕ್ಟಿಫೈಯರು

ಕಳೆದ ಮಾಗಿಯಲ್ಲಿ ಗಂಗೊಳ್ಳಿಯಿಂದ ನನ್ನ ಪೂರ್ವಶಿಷ್ಯನೊಬ್ಬನು ಜ್ಞಾನಭಾರತಿಯ ನಮ್ಮ ಮನೆಗೆ ಬಂದು, ಬಟ್ಟೆಯಲ್ಲಿ ಸುತ್ತಿದ ಅಂಗೈಯಗಲದ ಲೋಹದ ತುಂಡೊಂದನ್ನು ಜಗಲಿಯ ಮೇಲಿಟ್ಟನು. ಅದು ಅವನ ನಾಡದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಮೋಟಾರಿನ ರೆಕ್ಟಿಫೈಯರು. ಸಂಸ್ಕೃತದ ಮೇಷ್ಟರಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನನ್ನ ಬಳಿ ಒಂದು ಮೀಟರು ಇರುವುದನ್ನು ಅವನು ಬಲ್ಲನು, ಅಷ್ಟೇ.

ಸೌಪರ್ಣಿಕಾ, ವಾರಾಹಿ ಮೊದಲಾದ ಐದು ನದಿಗಳು ಕೂಡಿ ಕಡಲನ್ನು ಸೇರುವ ಆ ಅಳಿವೆಯಲ್ಲಿ ಒಂದು ರಾತ್ರಿ ಅವನ ದೋಣಿಯ ದೀಪವು ಆರಿಹೋಗಿ, ಎದುರಿಗೆ ಬಂದ ದೊಡ್ಡ ಮೀನುದೋಣಿಯು ಮಾರುದ್ದದ ಅಂತರದಲ್ಲಿ ಹಾದುಹೋಯಿತಂತೆ. ಮೋಟಾರು ಮಾತ್ರ ಓಡುತ್ತಲೇ ಇದ್ದಿತು. ಅದರ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ತಿಂಗಳ ಹಿಂದೆ ಕೊಂಡಿದ್ದ ಬ್ಯಾಟರಿಯೇ ಕೆಟ್ಟಿತೆಂದು ಬಗೆದು ಅವನು ಇನ್ನೊಂದನ್ನು ಕೊಂಡನು. ನಾಲ್ಕೇ ದಿನದಲ್ಲಿ ಅದೂ ಸೋತಿತು. “ನನ್ನ ದೈವ, ಸಾರ್” ಎಂದನು.

ರೆಕ್ಟಿಫೈಯರಿಗೆ ಹಿಂದಿಯವರು ಸಂಸ್ಕೃತದಿಂದ ದಿಷ್ಟಕಾರಿ ಎಂಬ ಪದವನ್ನು ಕಟ್ಟಿಕೊಂಡಿರುವರು. ದಿಷ್ಟವೆಂದರೆ ದಿಕ್ಕು ತೋರಲ್ಪಟ್ಟದ್ದು. ದೈವವೆಂಬ ಅರ್ಥವೂ ಕೋಶಗಳಲ್ಲುಂಟು. ಇಲ್ಲಿ ಬೇಕಾದುದು ಮೊದಲನೆಯದು. ಮೋಟಾರಿನ ಚಕ್ರದಡಿಯ ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಕ್ಷಣಕ್ಷಣಕ್ಕೂ ಹಿಂದುಮುಂದಾಗಿ ಹರಿಯುವುದು. ಬ್ಯಾಟರಿಗಾದರೋ ಒಂದೇ ದಿಕ್ಕಿನ ಪ್ರವಾಹ ಬೇಕು. ಒಂದೇ ಕಡೆಗೆ ತೆರೆಯುವ ನಾಲ್ಕು ಕದಗಳಂತೆ ಒಳಗಿರುವ ನಾಲ್ಕು ಡಯೋಡುಗಳು ಆ ಕೆಲಸವನ್ನು ಮಾಡುವುವು.

ಹಳದಿ ತಂತಿಗೂ ಕೆಂಪು ತಂತಿಗೂ ಮೀಟರಿನ ಕಡ್ಡಿಗಳನ್ನು ಮುಟ್ಟಿಸಿದೆನು. ಪ್ರವಾಹವು ಒಂದು ದಿಕ್ಕಿಗೆ ಹರಿದು, ಕಡ್ಡಿಗಳನ್ನು ಅದಲುಬದಲು ಮಾಡಿದಾಗ ನಿಲ್ಲಬೇಕು. ಎರಡು ಹಳದಿಗಳಲ್ಲಿ ಯಾವುದರಿಂದಲೂ, ಯಾವ ದಿಕ್ಕಿಗೂ, ಹರಿಯಲಿಲ್ಲ. ಬ್ಯಾಟರಿಯನ್ನು ತಿರುಗುಮುರುಗಾಗಿ ಜೋಡಿಸಿದ್ದುಂಟೆ ಎಂದು ಕೇಳಿದೆನು. ಹುಡುಗನು (ನಲವತ್ತು ದಾಟಿದರೂ ನನಗೆ ಹುಡುಗನೇ) ತಲೆ ತಗ್ಗಿಸಿದನು. ಮೊದಲನೆಯ ಬ್ಯಾಟರಿಯನ್ನು ಕತ್ತಲಲ್ಲಿ ಕೂಡಿಸುವಾಗ ಕಿಡಿ ಹಾರಿತ್ತಂತೆ. ಕೂಡಲೆ ತಂತಿಗಳನ್ನು ಬದಲಿಸಿದ್ದನಂತೆ. ಡಯೋಡು ಸುಡುವುದಕ್ಕೆ ಅಷ್ಟು ಸಾಕು. ಮೋಟಾರು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿದರೂ ಇದೇ ಗತಿ. ಬೇರೆ ರೆಗ್ಯುಲೇಟರಿಲ್ಲದ ಹಳೆಯ ಯಂತ್ರದಲ್ಲಿ ವೋಲ್ಟೇಜನ್ನು ಅಂಕೆಯಲ್ಲಿಡುವುದು ಬ್ಯಾಟರಿಯೇ.

ಮೂಲದ ಭಾಗವು ಸಿಕ್ಕಲಿಲ್ಲ. ಮೆಟ್ರೋದಲ್ಲಿ ಚಿಕ್ಕಪೇಟೆಗೆ ಹೋಗಿ, ಎಸ್. ಪಿ. ರಸ್ತೆಯಲ್ಲಿ ೩೫ ಆಂಪಿಯರಿನ ಚೌಕದ ರೆಕ್ಟಿಫೈಯರನ್ನು ಕೊಂಡೆವು. ಒಂದು ಬ್ಯಾಟರಿಯ ಬೆಲೆಯ ಮುಂದೆ ಅದರದು ಲೆಕ್ಕಕ್ಕಿಲ್ಲ. ಮೊದಲು ಬ್ಯಾಟರಿಯ ಋಣತಂತಿಯನ್ನು ಬಿಚ್ಚತಕ್ಕದ್ದು, ಕೂಡಿಸುವೆಡೆಯ ತುಕ್ಕನ್ನು ಉಜ್ಜಿ ಲೋಹ ಕಾಣುವಂತೆ ಮಾಡತಕ್ಕದ್ದು, ಇಲ್ಲದಿದ್ದರೆ ಅದರ ಕಾವು ಹೊರಹೋಗದು ಎಂದು ಬರೆದುಕೊಟ್ಟೆನು. ಒಂದನ್ನು ಬರೆಯಲು ನಾನೇ ಮರೆತೆನು. ಹಳೆಯದರ ಋಣಭಾಗವು ಅದರ ಒಡಲೇ ಆಗಿದ್ದು ಮೂರೇ ತಂತಿಗಳಿದ್ದುವು. ಹೊಸದಕ್ಕೆ ನಾಲ್ಕು ಕಾಲುಗಳು, ಒಡಲಿಗೆ ಸಂಬಂಧವಿಲ್ಲ. ಅವನು ನಾಲ್ಕನೆಯದನ್ನು ಹಾಗೆಯೇ ಬಿಟ್ಟಿದ್ದನು.

“ಏನೂ ಬದಲಾಗಲಿಲ್ಲ, ಸಾರ್” ಎಂದು ಊರಿನಿಂದ ಫೋನು ಬಂದಿತು. ಮೋಟಾರಿನ ಬುಡವನ್ನು ನೀರಿನ ಪೀಪಾಯಿಯಲ್ಲಿ ಮುಳುಗಿಸಿ ಓಡಿಸಿದರೂ ಮೀಟರು ೧೨.೨ ವೋಲ್ಟನ್ನು ಬಿಟ್ಟು ಕದಲಲಿಲ್ಲವಂತೆ. ಋಣದ ಕಾಲಿನಿಂದ ಯಂತ್ರದ ಒಡಲಿಗೆ ಒಂದು ತಂತಿಯನ್ನು ಬಿಗಿಯೆಂದೆನು. ಅರ್ಧ ಗಂಟೆಯಲ್ಲಿ ಮತ್ತೆ ಕರೆದನು, ೧೩.೯ ಆಗಿತ್ತು.

ಧನಧ್ರುವಕ್ಕೆ ಈಗ ಕೆಂಪು ಬಣ್ಣ ಬಳಿದಿರುವನು. ಕೆಟ್ಟಿತೆಂದು ಮೂಲೆಗೆ ಸರಿಸಿದ್ದ ಬ್ಯಾಟರಿಯನ್ನು ಅಂಗಡಿಯಲ್ಲಿ ಚಾರ್ಜು ಮಾಡಿಸಿದಾಗ ಅದು ಚೆನ್ನಾಗಿಯೇ ಇದ್ದಿತು. ಕರೆಂಟು ಹೋದ ರಾತ್ರಿ ಅವನ ಮಗಳು ಅದರ ಬೆಳಕಿನಲ್ಲಿ ಓದುವಳಂತೆ.