ನಾಲ್ಕು ವರ್ಷದ ಮಗುವಿಗೆ ರೇಟು ಗೊತ್ತಿಲ್ಲ

ಕಳೆದ ವರ್ಷ ಒಂದು ಸಂಜೆ ನನ್ನದೇ ರೂಮಿನಲ್ಲಿ ಲೈಟ್ ಆರಿಸಿ, ಮೊಬೈಲ್ ಸೈಲೆಂಟ್ ಮಾಡಿ, ಕಳ್ಳಿಯ ಹಾಗೆ ಕೂತಿದ್ದೆ. ಪಕ್ಕದ ಮನೆಯಲ್ಲಿ ಬಲೂನು ಒಡೆಯುವ ಸದ್ದು, ಮಕ್ಕಳ ಕಿರುಚಾಟ, ಆಮೇಲೆ ಎಲ್ಲರೂ ಸೇರಿ ಚಪ್ಪಾಳೆ ತಟ್ಟಿದ್ದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಮನೆಯ ಚಿನ್ನುಗೆ ಅವತ್ತು ನಾಲ್ಕು ತುಂಬಿತ್ತು. ‘ನಾಳೆ ಪರೀಕ್ಷೆ ಇದೆ ಆಂಟಿ, ಬೆಂಗಳೂರಿಗೆ ಹೋಗ್ತಿದ್ದೀನಿ’ ಎಂದು ಅವನ ಅಮ್ಮನಿಗೆ ಸುಳ್ಳು ಹೇಳಿದ್ದೆ. ಪರೀಕ್ಷೆ ಇರಲಿಲ್ಲ. ಪರ್ಸಿನಲ್ಲಿ ನೂರೆಂಬತ್ತು ರೂಪಾಯಿ ಇತ್ತು, ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ ಬಾಕಿ ಇತ್ತು.

ನಾನು ಬಿ.ಎಸ್ಸಿ ಮುಗಿಸಿ ಮೈಸೂರಿನಲ್ಲಿ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಬಾಡಿಗೆಯ ನನ್ನ ಪಾಲನ್ನು ಅಪ್ಪ ಕಳಿಸುತ್ತಾರೆ. ಊಟ, ಅರ್ಜಿ ಶುಲ್ಕ, ಪುಸ್ತಕ, ಕರೆನ್ಸಿ ಎಲ್ಲಾ ಯುವನಿಧಿಯ ಮೂರು ಸಾವಿರದಲ್ಲಿ ಆಗಬೇಕು. ನೂರೆಂಬತ್ತು ಉಳಿದಿದ್ದು ಯಾಕೆಂದರೆ, ಹಿಂದಿನ ಭಾನುವಾರ ಇನ್ನೊಂದು ಬರ್ತ್‌ಡೇಗೆ ಹೋಗಿ ಸಾವಿರದ ನಾನೂರು ರೂಪಾಯಿ ಖರ್ಚು ಮಾಡಿ ಬಂದಿದ್ದೆ.

ಅದು ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮೊಮ್ಮಗಳ ಮೊದಲ ವರ್ಷದ ಹುಟ್ಟುಹಬ್ಬ. ಆ ಮಗುವನ್ನು ನಾನು ಅಲ್ಲಿಯವರೆಗೆ ನೋಡಿದ್ದು ನಾಮಕರಣದ ದಿನ ಒಮ್ಮೆ, ಮಿಕ್ಕಂತೆ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ. ಆಹ್ವಾನ ಪತ್ರಿಕೆಯ ಕೊನೆಯಲ್ಲಿ ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿತ್ತು. ನಾನು ಅದನ್ನು ನಂಬಿ ಅಮ್ಮನಿಗೆ ಫೋನ್ ಮಾಡಿ, ‘ಒಂದು ಡಜನ್ ಬಾಳೆಹಣ್ಣು, ಒಂದು ಗಿಲಕಿ ತಗೊಂಡು ಹೋಗ್ಲಾ?’ ಎಂದೆ. ಅಮ್ಮ ಕಿಡಿಯಾದರು. ‘ನಿಮ್ಮಣ್ಣನ ಮದುವೇಲಿ ಅವರು ಎರಡು ಸಾವಿರ ಮುಯ್ಯಿ ಹಾಕಿದ್ದಾರೆ, ಪುಸ್ತಕದಲ್ಲಿ ಬರೆದಿದೆ. ಗಿಲಕಿ ತಗೊಂಡು ಹೋಗ್ತಾಳಂತೆ ಗಿಲಕಿ!’

ಅಂಗಡಿಗೆ ಹೋದೆ. ಅಲ್ಲಿಯವನು ಕೇಳಿದ ಮೊದಲ ಪ್ರಶ್ನೆ ಮಗುವಿಗೆ ಎಷ್ಟು ವರ್ಷ ಎಂದಲ್ಲ, ‘ಮೇಡಂ, ಎಷ್ಟರ ರೇಂಜಲ್ಲಿ ಕೊಡ್ಲಿ?’ ಎಂದು. ನಾನು ರೇಂಜು ಹೇಳಿದೆ. ಅವನು ಮೇಲಿನ ಶೆಲ್ಫಿನಿಂದ ಒಂದು ಪಿಯಾನೊ ಇಳಿಸಿದ. ಲೈಟು ಹತ್ತುತ್ತಿತ್ತು, ಆನೆಯ ಸದ್ದು ಬರುತ್ತಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಡಬ್ಬ ದೊಡ್ಡದಿತ್ತು. ಮಿನುಗುವ ಕಾಗದ ಸುತ್ತಿಸಿಕೊಂಡು ವೇಗದೂತ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೊರಟೆ. ಶಕ್ತಿ ಯೋಜನೆಯ ದಯೆಯಿಂದ ಬಸ್ಸಿಗೆ ದುಡ್ಡು ಕೊಡಬೇಕಿರಲಿಲ್ಲ. ‘ಬಸ್ ಚಾರ್ಜ್ ಉಳೀತಲ್ಲ, ಅದನ್ನೂ ಗಿಫ್ಟಿಗೇ ಹಾಕು’ ಎಂದು ಅಮ್ಮ ಆಗಲೇ ಲೆಕ್ಕ ಹೇಳಿದ್ದರು.

ಹಾಲ್‌ನಲ್ಲಿ ಕೇಕಿನ ಪಕ್ಕದಲ್ಲೇ ಬಿಳಿ ಬಟ್ಟೆ ಹಾಸಿದ ಉದ್ದದ ಟೇಬಲ್ ಇತ್ತು. ಆಶೀರ್ವಾದವನ್ನು ಇಡುವುದಕ್ಕೆ! ನನ್ನ ಡಬ್ಬವನ್ನು ಅಲ್ಲಿಟ್ಟಾಗ ಚಿಕ್ಕಮ್ಮನ ಕಣ್ಣು ಅದರ ಅಳತೆ ತೆಗೆದುಕೊಂಡಿದ್ದನ್ನು ನೋಡಿದೆ. ಸಮಾಧಾನವಾಯಿತು. ಮಗು ಮಾತ್ರ ಅಷ್ಟೊಂದು ಜನರನ್ನು ಕಂಡು ಗಾಬರಿಯಾಗಿ ಅತ್ತೂ ಅತ್ತೂ ಕೇಕ್ ಕತ್ತರಿಸುವ ಮೊದಲೇ ಅಜ್ಜಿಯ ಹೆಗಲ ಮೇಲೆ ನಿದ್ದೆಹೋಗಿತ್ತು. ನಾಲ್ಕು ತಿಂಗಳ ಬಳಿಕ ಯಾವುದೋ ಕೆಲಸಕ್ಕೆ ಅವರ ಮನೆಗೆ ಹೋದಾಗ ನನ್ನ ಪಿಯಾನೊ ಕಾಗದ ಬಿಚ್ಚಿದ್ದರೂ ಡಬ್ಬ ತೆರೆಯದ ಸ್ಥಿತಿಯಲ್ಲಿ ಅಟ್ಟದ ಮೇಲಿತ್ತು. ಡಬ್ಬದ ಮೂಲೆಯಲ್ಲಿ ‘ಮೂರು ವರ್ಷ ಮೇಲ್ಪಟ್ಟವರಿಗೆ’ ಎಂದು ಬರೆದಿರುವುದು ಆಗ ಕಣ್ಣಿಗೆ ಬಿತ್ತು. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಪಿಯಾನೊ, ಮೂರು ಡಾಕ್ಟರ್ ಸೆಟ್. ‘ಯಾರದಾದ್ರೂ ಬರ್ತ್‌ಡೇ ಬಂದ್ರೆ ಕೊಡೋಕಾಗುತ್ತೆ ಅಂತ ಇಟ್ಟಿದ್ದೀನಿ’ ಎಂದರು ಚಿಕ್ಕಮ್ಮ, ನಾನು ಕೊಟ್ಟಿದ್ದು ಯಾವುದು ಎಂಬುದು ನೆನಪಿಲ್ಲದೆ.

ನನಗೆ ಬೇಸರವಾಗಿದ್ದು ಸಾವಿರದ ನಾನೂರು ಹೋಗಿದ್ದಕ್ಕಲ್ಲ. ಚಿನ್ನು ದಿನಾ ನನ್ನ ರೂಮಿಗೆ ಬರುವ ಹುಡುಗ. ನಾನು ಬರೆದು ಬಿಸಾಕಿದ ಅಣಕು ಪರೀಕ್ಷೆಯ ಹಾಳೆಗಳ ಹಿಂಬದಿ ಅವನ ಆಸ್ತಿ. ನನ್ನ ಪೆನ್ನು ಕಸಿದುಕೊಂಡು ಅದರ ಮೇಲೆ ರೈಲು ಬರೆಯುತ್ತಾನೆ. ರೈಲಿಗೆ ಕಾಲು ಇರುತ್ತವೆ. ಪರಿಚಯವೇ ಇಲ್ಲದ ಮಗುವಿಗೆ ಅರ್ಧ ತಿಂಗಳ ಖರ್ಚನ್ನು ಕೊಟ್ಟು ಬಂದವಳು, ದಿನಾ ಮಡಿಲಲ್ಲಿ ಕೂರುವ ಮಗುವಿನ ಹುಟ್ಟುಹಬ್ಬಕ್ಕೆ ಕತ್ತಲಲ್ಲಿ ಬಚ್ಚಿಟ್ಟುಕೊಂಡಿದ್ದೆ. ದುಡ್ಡು ಪ್ರೀತಿ ಇದ್ದ ಕಡೆ ಹೋಗದೆ, ನೋಡುವ ಕಣ್ಣುಗಳು ಹೆಚ್ಚಿದ್ದ ಕಡೆ ಹೋಗಿತ್ತು.

ಇದು ನನ್ನೊಬ್ಬಳ ಕಥೆಯಲ್ಲ ಅಂದುಕೊಂಡಿದ್ದೇನೆ. ಕೆಲಸ ಹುಡುಕುತ್ತಿರುವವರ ವಯಸ್ಸೇ ಅಂಥದ್ದು. ಅಕ್ಕಂದಿರಿಗೆ, ಸೀನಿಯರ್‌ಗಳಿಗೆ, ಮೊದಲೇ ಮದುವೆಯಾದ ಗೆಳತಿಯರಿಗೆ ಆಗಲೇ ಮಕ್ಕಳಾಗಿರುತ್ತವೆ. ಕರೆಯುವವರಿಗೆ ಸಂಬಳ ಇದೆ, ಕರೆಸಿಕೊಳ್ಳುವ ನಮಗೆ ಇಲ್ಲ. ಇದನ್ನು ಬಾಯಿ ಬಿಟ್ಟು ಹೇಳುವುದಕ್ಕೆ ನಾಚಿಕೆ. ಅದಕ್ಕೇ ನಮ್ಮಲ್ಲಿ ಇಷ್ಟೊಂದು ಜನರಿಗೆ ಭಾನುವಾರ ಸಂಜೆಯೇ ‘ಪರೀಕ್ಷೆ’ ಇರುತ್ತದೆ, ಭಾನುವಾರ ಸಂಜೆಯೇ ‘ಜ್ವರ’ ಬರುತ್ತದೆ. ನನ್ನ ರೂಮ್‌ಮೇಟ್ ಒಬ್ಬಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೀನಿಯರ್ ಮಗನಿಗೆ ರಿಮೋಟ್ ಕಾರು ಕೊಡಲು ಸಾಲದ ಆ್ಯಪ್ ಒಂದರಲ್ಲಿ ದುಡ್ಡು ತೆಗೆದಳು. ಕಾರು ಎರಡು ದಿನ ಓಡಿತು. ಕಂತು ಆರು ತಿಂಗಳು ಓಡಿತು.

ಮುಯ್ಯಿ ಎಂಬ ಪದ್ಧತಿಯನ್ನು ನಾನು ಹಗುರವಾಗಿ ಕಾಣುವವಳಲ್ಲ. ಒಂದು ಮನೆಯಲ್ಲಿ ಮದುವೆ ಎಂದರೆ ಊರೆಲ್ಲ ಸೇರಿ ಕೈಲಾದಷ್ಟು ಹಾಕುವುದು, ಅದನ್ನು ಪುಸ್ತಕದಲ್ಲಿ ಬರೆದಿಡುವುದು, ಅವರ ಮನೆಯ ಕಾರ್ಯ ಬಂದಾಗ ತಿರುಗಿಸುವುದು. ಬಡ್ಡಿಯಿಲ್ಲದ ಸಾಲ ಅದು. ಬ್ಯಾಂಕ್ ಪರೀಕ್ಷೆಗೆ ಓದುವ ನನಗೆ ಅದರ ಜಾಣ್ಮೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಮದುವೆ ಜೀವನದಲ್ಲಿ ಒಮ್ಮೆ, ಬರ್ತ್‌ಡೇ ಪ್ರತಿ ವರ್ಷ. ಮದುವೆಯ ಮುಯ್ಯಿಯನ್ನು ಮಕ್ಕಳ ಹುಟ್ಟುಹಬ್ಬದಲ್ಲಿ ಕಂತುಕಂತಾಗಿ ತೀರಿಸಲು ಹೊರಟರೆ ಮುಗಿಯುವುದು ಯಾವಾಗ? ಅದೂ ಅಲ್ಲದೆ ಆ ಎರಡು ಸಾವಿರವನ್ನು ಪಡೆದಿದ್ದು ನಮ್ಮ ಮನೆ, ತೀರಿಸಬೇಕಾದ್ದೂ ಮನೆಯೇ. ನನ್ನ ಯುವನಿಧಿಯಲ್ಲ. ಈ ಮಾತನ್ನು ಅಮ್ಮನಿಗೆ ಹೇಳಲು ನನಗೆ ಮೂರು ತಿಂಗಳು ಹಿಡಿಯಿತು. ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ದೊಡ್ಡವರ ಮನೆ ಕಾರ್ಯಕ್ಕೆ ನಿಮ್ಮಪ್ಪನ ಕೈಲೇ ಕವರ್ ಕಳಿಸ್ತೀನಿ. ನೀನು ಬರಿಗೈಲಿ ಮಾತ್ರ ಹೋಗಬೇಡ’ ಎಂದರು.

ಬರಿಗೈಯಲ್ಲಿ ಹೋಗಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಮಕ್ಕಳಿರುವ ಮನೆಗೆ, ಮುದುಕರಿರುವ ಮನೆಗೆ ಹಾಗೇ ಹೋಗಬಾರದು ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಆದರೆ ಅಜ್ಜಿ ಒಯ್ಯುತ್ತಿದ್ದುದು ಎರಡು ಕಿತ್ತಳೆಹಣ್ಣು, ಒಂದು ಪೊಟ್ಟಣ ಬಿಸ್ಕತ್ತು. ತುಂಬಿದ ಕೈ ಎಂದರೆ ಅಷ್ಟೇ ಇತ್ತು.

ಈಗ ನಾನು ಮಾಡುವುದು ಹೀಗೆ. ಕಳೆದ ವರ್ಷ ಬಂದ ಕರೆಗಳನ್ನು ಕ್ಯಾಲೆಂಡರ್ ನೋಡಿ ಎಣಿಸಿದೆ, ಹನ್ನೊಂದು ಇದ್ದವು. ಎರಡು ನಿಜವಾಗಿ ಹತ್ತಿರದವು, ಮಿಕ್ಕವು ಹಾಗೆ ಹೀಗೆ. ತಿಂಗಳಿಗೆ ಇನ್ನೂರು ರೂಪಾಯಿ ಒಂದು ಕವರಿಗೆ ಹಾಕಿಡುತ್ತೇನೆ, ನಗದಾಗಿಯೇ. ಫೋನಿನಲ್ಲಿದ್ದರೆ ಸ್ಕ್ಯಾನ್ ಮಾಡುವಾಗ ಕೈ ಜಾರುತ್ತದೆ. ವರ್ಷಕ್ಕೆ ಎರಡು ಸಾವಿರದ ನಾನೂರಾಯಿತು. ಹತ್ತಿರದ ಎರಡಕ್ಕೆ ಮುನ್ನೂರು ಮುನ್ನೂರು. ಉಳಿದ ಒಂಬತ್ತಕ್ಕೆ ತಲಾ ಇನ್ನೂರು. ಹಾಲ್ ಎಷ್ಟು ದೊಡ್ಡದು, ಕೇಕು ಎಷ್ಟು ಅಂತಸ್ತಿನದು ಎಂಬುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಅಂಗಡಿಗೆ ಹೋಗುವ ಮೊದಲೇ ಮೊತ್ತ ಗೊತ್ತಿರಬೇಕು, ಅಂಗಡಿಯವನ ಶೆಲ್ಫಿನ ಮುಂದೆ ನಿಂತು ತೀರ್ಮಾನಿಸುವುದಲ್ಲ. ರೂಮಿನ ಮೂವರಿಗೂ ಪರಿಚಯವಿರುವ ಮನೆಯಾದರೆ ಮೂವರೂ ಸೇರಿ ಒಂದೇ ಕೊಡುತ್ತೇವೆ. ಆರುನೂರಕ್ಕೆ ಒಳ್ಳೆಯದೇ ಸಿಗುತ್ತದೆ.

ಇನ್ನೂರಕ್ಕೆ ಏನು ಬರುತ್ತದೆ ಎಂದು ಕೇಳುವವರು ಮಕ್ಕಳ ಜೊತೆ ಕೂತವರಲ್ಲ. ಒಂದು ಒಳ್ಳೆಯ ರಬ್ಬರ್ ಚೆಂಡು ಬರುತ್ತದೆ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಯಾವ ಮಗುವೂ ಚೆಂಡನ್ನು ಬೇಡ ಎಂದಿದ್ದನ್ನು ನಾನು ಕಂಡಿಲ್ಲ. ದಪ್ಪ ಕ್ರೇಯಾನು ಮತ್ತು ಒಂದು ದೊಡ್ಡ ಡ್ರಾಯಿಂಗ್ ಪುಸ್ತಕ ಬರುತ್ತದೆ. ನವಕರ್ನಾಟಕ, ಪ್ರಥಮ್ ಬುಕ್ಸ್, ನ್ಯಾಷನಲ್ ಬುಕ್ ಟ್ರಸ್ಟ್‌ನ ಕನ್ನಡ ಚಿತ್ರಪುಸ್ತಕಗಳು ಇನ್ನೂರು ರೂಪಾಯಿಗೆ ಎರಡು ಮೂರು ಸಿಗುತ್ತವೆ. ಪುಸ್ತಕ ಕೊಟ್ಟರೆ ಅಪ್ಪ-ಅಮ್ಮ ‘ಓ, ಬುಕ್ಕಾ’ ಎಂದು ಮುಖ ಸಣ್ಣದು ಮಾಡುತ್ತಾರೆ, ನಿಜ. ಅದಕ್ಕೆ ಒಂದು ಉಪಾಯ: ಪಾರ್ಟಿಯಲ್ಲೇ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಕಥೆ ಓದಿಬಿಡಿ. ಇನ್ನೂ ನಾಲ್ಕು ಮಕ್ಕಳು ಬಂದು ಮುತ್ತಿಕೊಳ್ಳುತ್ತವೆ. ಬಟ್ಟೆ ಕೊಡುವುದಾದರೆ ಒಂದು ಸೈಜ್ ದೊಡ್ಡದು ತಗೊಳ್ಳಿ. ವರ್ಷದ ಮಗುವಿಗೆ ವರ್ಷದ ಅಂಗಿ ಎರಡು ತಿಂಗಳೂ ಬರುವುದಿಲ್ಲ.

ಬೆಂಗಳೂರು ಕಡೆ ಹೋಗುವಾಗ ಹಳೇ ರಸ್ತೆಯ ಬಸ್ಸು ಹತ್ತಿದರೆ ಚನ್ನಪಟ್ಟಣದಲ್ಲಿ ಇಳಿಯಬಹುದು. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಕಾರುಗಳೆಲ್ಲ ಊರಿನ ಹೊರಗೇ ಹಾರಿಹೋಗುತ್ತವೆ, ಬೊಂಬೆ ಅಂಗಡಿಯವರು ರಸ್ತೆ ನೋಡುತ್ತಾ ಕೂತಿರುತ್ತಾರೆ. ಆಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವುದನ್ನು ನಿಂತು ನೋಡಬಹುದು. ನಾನು ಅಲ್ಲಿ ನೂರ ಐವತ್ತಕ್ಕೆ ಗಿಲಕಿ ಕೊಂಡಿದ್ದೇನೆ. ಅಮ್ಮ ಬೇಡ ಎಂದಿದ್ದ ಅದೇ ಗಿಲಕಿ. ಸ್ವಲ್ಪ ಚೌಕಾಸಿ ಮಾಡಿ, ಹೆಚ್ಚು ಬೇಡ.

ಅಗ್ಗದ್ದು ಕೊಳ್ಳುವಾಗ ಒಂದು ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಫುಟ್‌ಪಾತಿನ ಮೇಲೆ ರಾಶಿ ಹಾಕಿರುವ, ಹೆಸರಿಲ್ಲದ ಪ್ಲಾಸ್ಟಿಕ್ ಬೊಂಬೆಯಲ್ಲಿ ಆ ಗುರುತು ಹುಡುಕಿ, ಸಿಗುವುದು ಅಪರೂಪ. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಂಥ ಸಾಂಪ್ರದಾಯಿಕ ಆಟಿಕೆಗಳಿಗೆ ಈ ನಿಯಮದಿಂದ ವಿನಾಯಿತಿ ಕೊಟ್ಟಿದ್ದಾರೆ, ಹಾಗಾಗಿ ಅದರ ಮೇಲೆ ಗುರುತಿಲ್ಲದಿದ್ದರೆ ಗಾಬರಿಯಾಗಬೇಡಿ. ಮೂರು ವರ್ಷದೊಳಗಿನ ಮಗುವಿಗೆ ಮಣಿ, ಸಣ್ಣ ಚಕ್ರ, ಕಿತ್ತು ಬರುವ ಕಣ್ಣು ಇರುವ ಯಾವುದೂ ಬೇಡ, ಎಲ್ಲವೂ ಬಾಯಿಗೇ ಹೋಗುತ್ತದೆ. ಗುಂಡಿಯಂಥ ಪುಟ್ಟ ಬ್ಯಾಟರಿ ಇರುವ ಆಟಿಕೆಯಂತೂ ಬೇಡವೇ ಬೇಡ. ಅದನ್ನು ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಟ್ಟುಬಿಡುತ್ತದೆ. ಡಬ್ಬದ ಮೇಲಿನ ವಯಸ್ಸನ್ನು ಓದದೆ ಪಿಯಾನೊ ಹೊತ್ತುಕೊಂಡು ಹೋದವಳ ಮಾತಿದು, ಕೇಳಿ.

ಕರೆಯುವವರಿಗೂ ಒಂದು ಮಾತು. ಉಡುಗೊರೆ ಬೇಡ ಎಂದರೆ ಬೇಡ ಎಂದೇ ಬರೆಯಿರಿ, ಟೇಬಲ್ ಹಾಕಬೇಡಿ. ಬೇಕು ಎಂದರೂ ತಪ್ಪಿಲ್ಲ. ಮಗುವಿಗೆ ಏನು ಇಷ್ಟ ಎಂದು ಕೇಳಿದಾಗ ‘ಅಯ್ಯೋ ಏನೂ ಬೇಡ, ನೀವು ಬನ್ನಿ ಸಾಕು’ ಎನ್ನುವ ಬದಲು ‘ಕ್ರೇಯಾನ್ ಮುಗಿದಿದೆ’ ಎಂದುಬಿಟ್ಟರೆ ನಮಗೆಷ್ಟು ಹಗುರ! ಎಲ್ಲರ ಮುಂದೆ ಒಂದೊಂದೇ ಕಾಗದ ಬಿಚ್ಚಿ ಹೆಸರು ಕೂಗುವ ಪದ್ಧತಿಯೊಂದು ಈಚೆಗೆ ಶುರುವಾಗಿದೆ, ಅದನ್ನಂತೂ ದಯವಿಟ್ಟು ನಿಲ್ಲಿಸಿ. ರಿಟರ್ನ್ ಗಿಫ್ಟ್ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನ ಬೇಕಾಗುತ್ತದೆ.

ಆ ಸಂಜೆಯ ಮರುದಿನ ಬೆಳಿಗ್ಗೆ ಚಿನ್ನು ಬಾಗಿಲು ಬಡಿದ. ಕೈಯಲ್ಲಿ ಪೇಪರ್ ಪ್ಲೇಟು, ಅದರಲ್ಲಿ ಒಂದು ಕಡೆಗೆ ಒರಗಿದ ಕೇಕಿನ ತುಂಡು. ‘ನಿಂಗೆ ಅಂತ ಹೂವಿರೋದು ಇಟ್ಟಿದ್ದೆ. ಪರೀಕ್ಷೆ ಪಾಸಾದ್ಯಾ?’ ಎಂದು ಕೇಳಿದ. ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾನು ಕೇಕ್ ತಿನ್ನುವಾಗ ಅವನು ಎಂದಿನಂತೆ ಹಾಳೆ ಎಳೆದುಕೊಂಡು ಕೂತ. ನಾನು ಏನು ಕೊಟ್ಟೆ, ಏನು ಕೊಡಲಿಲ್ಲ ಎಂದು ಅವನು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಿಲ್ಲ. ಮುಂದಿನ ವಾರ ದುಡ್ಡು ಬಂದ ಮೇಲೆ ಎಂಬತ್ತು ರೂಪಾಯಿಯ ಕ್ರೇಯಾನ್ ಡಬ್ಬಿ ತಂದುಕೊಟ್ಟೆ. ರೈಲಿನ ಕಾಲುಗಳಿಗೆ ಆಗ ಬೂಟು ಬಂದವು.

ಮುಂದಿನ ತಿಂಗಳು ಅವನಿಗೆ ಐದು ತುಂಬುತ್ತದೆ. ಈ ಸಲ ಏನು ಬೇಕು ಎಂದು ಅವನನ್ನೇ ಕೇಳಿದೆ. ತುಂಬಾ ಹೊತ್ತು ಯೋಚಿಸಿ, ನನ್ನ ಮೇಜಿನ ಮೇಲಿದ್ದ ಸ್ಟೇಪ್ಲರ್ ತೋರಿಸಿದ. ಹೊಸದಲ್ಲವಂತೆ, ಅದೇ ಬೇಕಂತೆ. ಐದು ವರ್ಷದವನ ಕೈಗೆ ಸ್ಟೇಪ್ಲರ್ ಕೊಡಬಹುದಾ ಎಂದು ಅವನ ಅಮ್ಮನನ್ನು ಇನ್ನೂ ಕೇಳಬೇಕು. ಅವರು ಬೇಡ ಎಂದರೆ ಪಂಚಿಂಗ್ ಮಷೀನ್ ಇದೆ, ತೊಂಬತ್ತು ರೂಪಾಯಿ. ಅಂಗಡಿಯಲ್ಲಿ ನೋಡಿ ಬಂದಿದ್ದೇನೆ.