ಡಂಬಳದ ತಾರೆಯೂ ಭೂತಾನದ ಏಳು ದಿನಗಳೂ

ದಸರೆಯ ಬಿಡುವಿನಲ್ಲಿ ಏಳು ದಿನ ಭೂತಾನದಲ್ಲಿದ್ದು ಬಂದೆ. ಹೊರನಾಡಿಗೆ ಹೋಗಿ ಬಂದವನು ಪ್ರವಾಸಕಥನವೊಂದನ್ನು ಬರೆಯಲೇಬೇಕೆಂಬುದು ನಮ್ಮಲ್ಲಿ ಅಲಿಖಿತ ನಿಯಮವಾಗಿಬಿಟ್ಟಿದೆ. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು, ಕಾರಂತರು ‘ಅಪೂರ್ವ ಪಶ್ಚಿಮ’ವನ್ನು ಬರೆದರು, ಅವರ ಕಣ್ಣು ಬೇರೆ, ಲೇಖನಿ ಬೇರೆ. ಏಳು ದಿನಗಳಲ್ಲಿ ಒಂದು ದೇಶವನ್ನು ಕಂಡೆನೆಂದು ಹೇಳಿಕೊಳ್ಳುವ ಧಾರ್ಷ್ಟ್ಯ ನನಗಿಲ್ಲ. ಆದರೆ ಅಲ್ಲಿ ಒಬ್ಬ ತರುಣನು ಕೇಳಿದ ಪ್ರಶ್ನೆಗೆ ನಾನು ತಪ್ಪು ಉತ್ತರವನ್ನು ಕೊಟ್ಟು ಬಂದಿದ್ದೇನೆ. ಆ ತಪ್ಪು ನನ್ನೊಬ್ಬನದೇ ಅಲ್ಲವೆಂಬ ಅನುಮಾನದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾವು ಇಪ್ಪತ್ತೆರಡು ಮಂದಿ. ಬಹುತೇಕ ಎಲ್ಲರೂ ಅಧ್ಯಾಪಕರು, ಕೆಲವರು ಸಕುಟುಂಬರಾಗಿ ಬಂದಿದ್ದರು. ಬಾಗ್ಡೋಗ್ರಾದವರೆಗೆ ವಿಮಾನ, ಅಲ್ಲಿಂದ ಫುನ್‌ಷೋಲಿಂಗಿನ ಹೆಬ್ಬಾಗಿಲನ್ನು ದಾಟಿ ಘಟ್ಟವೇರಿದೆವು. ಭಾರತೀಯರಿಗೂ 2022ರಿಂದ ರಾತ್ರಿಯೊಂದಕ್ಕೆ 1200 ರೂಪಾಯಿಗಳ ಸುಂಕವುಂಟು. ನಮ್ಮಲ್ಲಿ ಕೆಲವರು ಅದಕ್ಕೆ ಗೊಣಗಿದರು. ನನಗೆ ಅದು ಅನ್ಯಾಯವೆನಿಸಲಿಲ್ಲ. ನೆಲದ ಶೇಕಡಾ 60 ಭಾಗ ಎಂದೆಂದಿಗೂ ಕಾಡಾಗಿಯೇ ಇರತಕ್ಕದ್ದೆಂದು 2008ರ ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡ ನಾಡು ಅದು. ಕಪ್ಪತಗುಡ್ಡವನ್ನು ಗಣಿಯವರಿಂದ ಉಳಿಸಿಕೊಳ್ಳಲು ವರ್ಷಗಟ್ಟಲೆ ಹೋರಾಡಿದ ಸೀಮೆಯವನಾದ ನಾನು ಆ ಕಾಡಿನ ನೆರಳಿಗೆ ಹಣ ತೆರಲು ಹಿಂದೆಗೆಯಲಾರೆ.

ಪಾರೋ ಕಣಿವೆಯಲ್ಲಿ ಭತ್ತದ ಕುಯಿಲು ನಡೆದಿತ್ತು. ಮನೆಮನೆಯ ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಗಿಸಿದ್ದರು. ಬ್ಯಾಡಗಿಯ ಪೇಟೆಯನ್ನು ಕಂಡವನಿಗೆ ಆ ಕೆಂಪು ಅಪರಿಚಿತವಲ್ಲ. ಆದರೆ ನಮಗೆ ಮೆಣಸಿನಕಾಯಿ ಒಗ್ಗರಣೆಯ ವಸ್ತು, ಅವರಿಗೆ ಅದೇ ಕಾಯಿಪಲ್ಯ. ಗಿಣ್ಣಿನೊಡನೆ ಬೇಯಿಸಿದ ಅವರ ‘ಎಮಾ ದಾತ್ಶಿ’ಯ ಮುಂದೆ, ಖಾರಕ್ಕೆ ಹೆದರದವರೆಂಬ ನಮ್ಮ ಉತ್ತರ ಕರ್ನಾಟಕದ ಹೆಮ್ಮೆ ಎರಡೇ ತುತ್ತಿಗೆ ಕಣ್ಣೀರಾಗಿ ಹರಿಯಿತು. ತಕ್ತ್‌ಸಾಂಗ್ ವಿಹಾರವನ್ನು ಏರಿ ನೋಡಿದೆವು. ಪದ್ಮಸಂಭವನು ಹೆಣ್ಣುಹುಲಿಯನ್ನೇರಿ ಹಾರಿಬಂದನೆಂದು ಐತಿಹ್ಯ ಹೇಳುವ ಆ ಬಂಡೆಗೆ 1692ರಲ್ಲಿ ಕಟ್ಟಿದ ಕಟ್ಟಡ ಅಂಟಿಕೊಂಡು ನಿಂತಿದೆ. 1998ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. 2005ರ ಹೊತ್ತಿಗೆ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಎರಡು ಹೊಳೆಗಳು ಕೂಡುವೆಡೆಯಲ್ಲಿರುವ ಪುನಾಖದ ಕೋಟೆ ಹದಿನೇಳನೆಯ ಶತಮಾನದ್ದು. ಚಳಿಗಾಲಕ್ಕೆ ಥಿಂಪುವಿನಿಂದ ಭಿಕ್ಷುಸಂಘ ಇಂದಿಗೂ ಅಲ್ಲಿಗೆ ಇಳಿದುಬರುತ್ತದೆ. ಮಠ, ಕಚೇರಿ, ಕೋಟೆ ಮೂರೂ ಒಂದೇ ಗೋಡೆಯೊಳಗೆ. ಹಾಳಾಗಿಲ್ಲ, ‘ಸಂರಕ್ಷಿತ ಸ್ಮಾರಕ’ವೆಂಬ ನೀಲಿ ಫಲಕವೂ ಇಲ್ಲ.

“ಇಂಥದು ನಮ್ಮಲ್ಲಿ ಎಲ್ಲಿದೆ?” ಎಂದು ನಮ್ಮ ಮಂದಿಯ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬಂದಿತು. ಮೊದಲೆರಡು ದಿನ ನಾನೂ ಹಾಗೆಯೇ ಅಂದೆ.

ಐದನೆಯ ದಿನ ಒಂದು ಚಿಕ್ಕ ದೇಗುಲದೊಳಗೆ ನಿಂತಿದ್ದೆವು. ಒಳಗೆ ಚಿತ್ರ ತೆಗೆಯುವಂತಿಲ್ಲವಾದ್ದರಿಂದ ಎಲ್ಲರ ಕೈಗಳೂ ಖಾಲಿಯಾಗಿದ್ದವು, ಕಣ್ಣುಗಳು ಕೆಲಸ ಮಾಡುತ್ತಿದ್ದವು. ಗೋಡೆಯ ಮೇಲೆ ಹಸುರುಬಣ್ಣದ ದೇವಿ; ಬಲಗಾಲನ್ನು ಕೆಳಗಿಳಿಸಿ, ಕರೆದರೆ ಈಗಲೇ ಎದ್ದು ಬರುವೆನೆಂಬಂತೆ ಕುಳಿತಿದ್ದಾಳೆ. ಅವಳ ಸುತ್ತ ಚಿಕ್ಕ ಚಿಕ್ಕ ಮನುಷ್ಯರು. ಒಬ್ಬನನ್ನು ಆನೆ ಅಟ್ಟಿಸಿಕೊಂಡು ಬರುತ್ತಿದೆ. ಒಬ್ಬನ ದೋಣಿ ಮುಳುಗುತ್ತಿದೆ. ಇನ್ನೊಬ್ಬನನ್ನು ಕಳ್ಳರು ದಾರಿಯಲ್ಲಿ ತಡೆದಿದ್ದಾರೆ, ಮತ್ತೊಬ್ಬನ ಕಾಲಿಗೆ ಸಂಕೋಲೆ ಬಿದ್ದಿದೆ. ನಮ್ಮ ಮಾರ್ಗದರ್ಶಿ, ಮೊಣಕಾಲಿನವರೆಗಿನ ‘ಘೋ’ ತೊಟ್ಟ ತರುಣ, ವಿವರಿಸಿದನು: “ಇವಳು ಡೋಲ್ಮಾ, ಸಂಸ್ಕೃತದಲ್ಲಿ ತಾರಾ. ಎಂಟು ಭಯಗಳಿಂದ ಪಾರುಮಾಡುವವಳು.” ಆಮೇಲೆ ನನ್ನ ಕಡೆಗೆ ತಿರುಗಿ, “ಗುರೂಜಿ, ನೀವು ಬುದ್ಧನ ದೇಶದವರು. ನಿಮ್ಮ ಊರ ಕಡೆ ತಾರಾದೇವಿ ಇದ್ದಾಳೆಯೇ?” ಎಂದು ಕೇಳಿದನು.

“ಇಲ್ಲ” ಎಂದೆ.

ಆ ರಾತ್ರಿ ನಿದ್ರೆ ಬರುವ ಮುನ್ನ ನೆನಪಾಯಿತು; ನೆನಪಾದ ಮೇಲೆ ನಿದ್ರೆ ಬರಲಿಲ್ಲ. ನನ್ನ ಹುಟ್ಟೂರು ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿ. ಡಂಬಳ ನಮಗೆ ದೂರವೇನೂ ಅಲ್ಲ. ಚಿಕ್ಕಂದಿನಲ್ಲಿ ಚಕ್ಕಡಿಯಲ್ಲಿ ಕುಳಿತು ದೊಡ್ಡಬಸಪ್ಪನ ಗುಡಿಗೆ ಹೋದವನು ನಾನು. ಆ ಡಂಬಳವೇ ಹಿಂದಿನ ಧರ್ಮವೊಳಲು. ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಅಲ್ಲಿಯ ಶಾಸನವು ಬೌದ್ಧ ಶಾಸನ. ಧರ್ಮವೊಳಲಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರಕ್ಕೂ, ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬನು ಅಲ್ಲಿಯೇ ಕಟ್ಟಿಸಿದ ಆರ್ಯತಾರಾದೇವಿಯ ವಿಹಾರಕ್ಕೂ ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ಫ್ಲೀಟ್ ಸಾಹೇಬನು 1881ರಲ್ಲಿಯೇ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅದನ್ನು ಅಚ್ಚುಮಾಡಿಸಿದ್ದಾನೆ. ಅದರ ಸ್ತುತಿಶ್ಲೋಕದಲ್ಲಿ ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸಂಕೋಲೆ, ಕಡಲು, ಪಿಶಾಚಿ ಎಂಬ ಎಂಟು ಭಯಗಳ ಹೆಸರೂ ಇದೆ. ಆ ಗೋಡೆಯ ಮೇಲೆ ನಾನು ಕಂಡದ್ದು ಆ ಎಂಟನ್ನೇ. ಈ ಶ್ಲೋಕವನ್ನು ಎಂ.ಎ. ತರಗತಿಯಲ್ಲಿ ಪರೀಕ್ಷೆಗೆಂದು ಉರುಹೊಡೆದಿದ್ದೆ. ಹದಿನೆಂಟು ವರ್ಷಗಳಿಂದ ಶಾಸನಸಾಹಿತ್ಯದ ಪಾಠ ಹೇಳುತ್ತಿದ್ದೇನೆ. ಆದರೂ ಬಾಯಿಂದ ಬಂದದ್ದು ‘ಇಲ್ಲ’ ಎಂಬ ಮಾತು.

ಹಾಗೆಂದು, ‘ಎಲ್ಲವೂ ನಮ್ಮಲ್ಲಿಯೇ ಇರುವಾಗ ಹೊರಗೆ ಹೋಗುವುದೇಕೆ’ ಎಂಬ ಸುಲಭದ ಅಭಿಮಾನಕ್ಕೆ ನಾನು ಒಪ್ಪುವವನಲ್ಲ. ಭೂತಾನಕ್ಕೆ ಹೋಗದಿದ್ದರೆ ಡಂಬಳದ ಶ್ಲೋಕ ನನ್ನ ಪಾಲಿಗೆ ಸತ್ತ ಅಕ್ಷರವಾಗಿಯೇ ಇರುತ್ತಿತ್ತು. ಕಡಲೇ ಇಲ್ಲದ ಈ ಎರೆಭೂಮಿಯಲ್ಲಿ ಜನ ಕಡಲ ಭಯಕ್ಕೆ ಏಕೆ ತಾರೆಯನ್ನು ಕರೆದರೆಂದು ನಾನು ಎಂದೂ ಯೋಚಿಸಿರಲಿಲ್ಲ. ಗೋಡೆಯ ಮೇಲಿನ ಮುಳುಗುವ ದೋಣಿಯನ್ನು ಕಂಡಮೇಲೆ ಹೊಳೆಯಿತು: ಕರೆದವರು ಸೆಟ್ಟಿಗಳು. ಸರಕು ಹೇರಿಕೊಂಡು ಘಟ್ಟವಿಳಿದು ಬಂದರಿಗೆ ಹೋಗುವವನಿಗೆ ಕಾಡಾನೆಯೂ ನಿಜ, ಕಳ್ಳನೂ ನಿಜ, ಕಡಲೂ ನಿಜ. ಆ ಎಂಟು ಭಯಗಳಲ್ಲಿ ಹೆಚ್ಚಿನವು ದಾರಿಯ ಭಯಗಳೇ. ಡಂಬಳದಲ್ಲಿ ಒಮ್ಮೆ ಎಂಥ ಜನ ನಡೆದಾಡಿದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಇದೇ ಕಾಲದ ಸುಮಾರಿಗೆ, 1065ರಲ್ಲಿ, ಬಳ್ಳಿಗಾವಿಯಲ್ಲಿಯೂ ದಂಡನಾಯಕ ರೂಪಭಟ್ಟಯ್ಯನು ಬೌದ್ಧವಿಹಾರವನ್ನು ಕಟ್ಟಿಸಿದ್ದನು; ಅಲ್ಲಿಯೂ ತಾರಾಭಗವತಿಯಿದ್ದಳು. ಅಶೋಕನ ಶಾಸನಗಳಿರುವ ಕೊಪ್ಪಳವು ನಮ್ಮ ಮುಂಡರಗಿಗೆ ನೆರೆಯೂರೇ. ಇಷ್ಟಿದ್ದೂ, ಬೌದ್ಧಧರ್ಮವೆಂದರೆ ಉತ್ತರದ ಬಿಹಾರದ್ದು, ಇಲ್ಲವೆ ಟಿಬೆಟಿನದ್ದು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಭದ್ರವಾಗಿ ಬೇರೂರಿದೆ. ಅಧ್ಯಾಪಕನೇ ‘ಇಲ್ಲ’ ಎನ್ನುವಾಗ ವಿದ್ಯಾರ್ಥಿಯನ್ನು ದೂರುವುದು ಹೇಗೆ?

ಇನ್ನು ಭೂತಾನವನ್ನು ಭೂಸ್ವರ್ಗವೆಂದು ಹೊಗಳುವ ಚಪಲದ ವಿಷಯ. ‘ಸುಖವೇ ಸಂಪತ್ತು’ ಎಂಬ ಅವರ ಮಾತನ್ನು ನಮ್ಮ ಗುಂಪಿನವರು ಎಲ್ಲರೂ ಮೆಚ್ಚಿದರು; ನಾನೂ ಮೆಚ್ಚಿದೆ. ಜೊಂಖಾ ಭಾಷೆಗೆ ಅವರು ಕೊಡುವ ಮರ್ಯಾದೆಯನ್ನು ಕಂಡು ಕನ್ನಡದ ಮೇಷ್ಟ್ರಾದ ನನಗೆ ಹೊಟ್ಟೆಕಿಚ್ಚೇ ಆಯಿತು. ಆದರೆ ಆ ಮರ್ಯಾದೆಗೆ ಇನ್ನೊಂದು ಮಗ್ಗುಲೂ ಉಂಟು. ರಾಷ್ಟ್ರೀಯ ಉಡುಪನ್ನು ಕಡ್ಡಾಯಗೊಳಿಸಿದ 1989ರ ಸುಮಾರಿನಲ್ಲಿಯೇ ದಕ್ಷಿಣ ಭೂತಾನದ ಶಾಲೆಗಳಿಂದ ನೇಪಾಳಿ ಭಾಷೆಯನ್ನು ತೆಗೆದುಹಾಕಿದರು. ಮುಂದಿನ ವರ್ಷಗಳಲ್ಲಿ ನೇಪಾಳಿ ಮಾತನಾಡುವ ಲಕ್ಷಕ್ಕೂ ಹೆಚ್ಚು ಮಂದಿ ನಾಡನ್ನು ಬಿಡಬೇಕಾಗಿ ಬಂದು ಪೂರ್ವ ನೇಪಾಳದ ಶಿಬಿರಗಳನ್ನು ಸೇರಿದರು. 2007ರ ಅನಂತರ ಅವರಲ್ಲಿ ಬಹುಮಂದಿ ಅಮೆರಿಕ ಮೊದಲಾದ ದೂರದೇಶಗಳಿಗೆ ಹೋಗಿ ನೆಲೆಸಿದರು. 1956ರಲ್ಲಿ ಕಾಸರಗೋಡು ಕೈಬಿಟ್ಟುಹೋದ ನೋವನ್ನು ಇಂದಿಗೂ ಆಡಿಕೊಳ್ಳುವ ಕನ್ನಡಿಗನು, ಪರದೇಶದ ಶಾಲೆಯಿಂದ ಒಂದು ಭಾಷೆ ಹೊರಬಿದ್ದ ಸಂಗತಿಯನ್ನು ಕಾಣದವನಂತೆ ಬರಬಾರದು. ನಮಗೆ ತೋರಿಸಿದ ಸ್ಥಳಗಳ ಪಟ್ಟಿಯಲ್ಲಿ ಇದು ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ವಾರದ ಪ್ರವಾಸದ ದೋಷವಿರುವುದು ಇಲ್ಲಿಯೇ. ಅದು ಉಡುಪನ್ನು ತೋರಿಸುತ್ತದೆ, ಕುಣಿತವನ್ನು ತೋರಿಸುತ್ತದೆ. ನೋಡಿದವನು ತನ್ನ ಮನೆಯನ್ನು ಜರಿಯುತ್ತ ಹಿಂದಿರುಗುತ್ತಾನೆ. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿನ ಜನ ನೆಲೆಸಿದ್ದಾರೆ. ಡ್ರೆಪುಂಗ್, ಗಾಂದೆನ್ ಎಂಬ ಮಹಾವಿಹಾರಗಳು ಅಲ್ಲಿ ಮರುಹುಟ್ಟು ಪಡೆದಿವೆ. ಗದಗಿನಿಂದ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ನಮ್ಮ ಇಪ್ಪತ್ತೆರಡು ಮಂದಿಯಲ್ಲಿ ಅಲ್ಲಿಗೆ ಹೋದವರೆಷ್ಟು ಎಂದು ಹಿಂದಿರುಗುವ ದಾರಿಯಲ್ಲಿ ಕೇಳಿದೆ. ಮೂವರು ಕೈಯೆತ್ತಿದರು.

ಹಾಗಾದರೆ ಏನು ಮಾಡಬೇಕು? ಡಂಬಳದಲ್ಲಿ ಕೋಟಿಗಟ್ಟಲೆ ಸುರಿದು ಹೊಸ ಬುದ್ಧನನ್ನು ನಿಲ್ಲಿಸಿರೆಂದು ನಾನು ಕೇಳುವವನಲ್ಲ. ಥಿಂಪುವಿನ ಗುಡ್ಡದ ಮೇಲೆ 169 ಅಡಿಯ ಬುದ್ಧನನ್ನು ಕಂಡಾಗಲೂ ನನಗೆ ಆ ಚಿಕ್ಕ ಗುಡಿಯ ಗೋಡೆಯೇ ದೊಡ್ಡದೆನಿಸಿತು. ಶಾಸನದ ಪಾಠವನ್ನೂ ಅದರ ಅರ್ಥವನ್ನೂ ಹೊಸಗನ್ನಡದಲ್ಲಿ ಬರೆಸಿ ಊರೊಳಗೆ ಓದುವಂತೆ ನಿಲ್ಲಿಸಲಿ. ಗದಗ ಜಿಲ್ಲೆಯ ಪ್ರೌಢಶಾಲೆಗಳ ಮಕ್ಕಳು ಲಕ್ಕುಂಡಿಯ ಗುಡಿಗಳನ್ನು ನೋಡಿ ಹಿಂದಿರುಗುವಾಗ, ಆ ಲಕ್ಕುಂಡಿಯ ಸೆಟ್ಟಿಯೊಬ್ಬನು ಡಂಬಳದಲ್ಲಿ ಯಾರಿಗೆ ವಿಹಾರ ಕಟ್ಟಿಸಿದನೆಂಬುದನ್ನು ಅವರ ಗುರುಗಳು ಒಂದು ಮಾತಿನಲ್ಲಿ ಹೇಳಲಿ. ಇದಕ್ಕೆ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.

ಊರಿಗೆ ಹೋದಾಗ ನಮ್ಮ ಕಾಕಾ ಕೇಳಿದರು: “ಏನೋ ತಮ್ಮಾ, ಅಷ್ಟ ದೂರ ಹೋಗಿ ಏನ ನೋಡಿ ಬಂದಿ?” ಹಸುರುದೇವಿಯ ಸಂಗತಿಯನ್ನು ಹೇಳಿದೆ, ಡಂಬಳದ ಸೆಟ್ಟಿಗಳ ಸಂಗತಿಯನ್ನೂ ಹೇಳಿದೆ. ಎಂಟು ಭಯಗಳನ್ನು ಬೆರಳು ಮಡಿಚಿ ಎಣಿಸಿ ಕೇಳಿಸಿಕೊಂಡರು. “ಎಲ್ಲಾ ಖರೆ ಐತಿ. ಮಳಿ ಹೋಗೂದು ಅದರಾಗ ಇಲ್ಲಲ್ಲೋ?” ಎಂದರು. ಇಲ್ಲವೆಂದೆ, ಈ ಸಲದ ‘ಇಲ್ಲ’ ಸರಿಯಾದದ್ದು. “ಹಂಗಾರ ಅವರು ಒಕ್ಕಲಿಗರಲ್ಲ ಬಿಡು, ಯಾಪಾರದವರ” ಎಂದು ಕಾಕಾ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ನನಗೆ ಭೂತಾನದ ಗೋಡೆಯ ಮುಂದೆ ಹೊಳೆದದ್ದು ಅವರಿಗೆ ಕಟ್ಟೆಯ ಮೇಲೆಯೇ ಹೊಳೆದಿತ್ತು.

ಬರುವ ಭಾನುವಾರ ಎರಡನೆಯ ವರ್ಷದ ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಡಂಬಳಕ್ಕೆ ಹೋಗುತ್ತೇನೆ. ರೊಟ್ಟಿ, ಪುಂಡಿಪಲ್ಯ ಕಾಕಾನ ಮನೆಯಿಂದ ಬರುತ್ತವೆ. ಆ ತರುಣ ಮಾರ್ಗದರ್ಶಿಯ ವಿಳಾಸ ನನ್ನಲ್ಲಿದೆ. ಅವನಿಗೆ ಆ ರಾತ್ರಿಯೇ ಬರೆಯಬೇಕು.